ಮೂರನೇ ಬೆಲ್ಲು

ಸೆಪ್ಟೆಂಬರ್ ೮, ಸೋಮವಾರ

ಕೇಳು, ಎಲೈ ದಿನಚರಿಯೇ! ಬೇರೆ ಕೇಳುಗರಿಲ್ಲದ ಈ ಮನೆಯಲ್ಲಿ ನೀನೇ ನನ್ನ ಸಭೆ, ನೀನೇ ನನ್ನ ಮಹಾಜನತೆ! ಮೇಲಿನ ಅಣೆಕಟ್ಟಿನ ಗೋಡೆ ಬಿರುಕು ಬಿಟ್ಟಿದೆಯಂತೆ. ಮಳೆ ಹೀಗೇ ಹೊಡೆದರೆ ನೀರು ನೇರ ನಮ್ಮ ಬೀದಿಗೇ ಬರುತ್ತದಂತೆ, ಹೇಳದೆ ಕೇಳದೆ ಬಂದಿಳಿಯುವ ನೆಂಟರ ಹಾಗೆ.

ವಾರ್ಡಿನ ಮೇಡಂ ಕೈಯಲ್ಲಿ ಮೈಕು ಹಿಡಿದು ಮನೆಮನೆಗೂ ಸಾರಿಕೊಂಡು ಬಂದರು. ಮೈಕು ಮಾತಿಗಿಂತ ಹೆಚ್ಚು ಕೆಮ್ಮುತ್ತಿತ್ತು. ನನಗೊಂದು ಮಾತು ಹೇಳಿದ್ದರೆ ಈ ಜಗಲಿಯ ಮೇಲೆ ನಿಂತು ಇಡೀ ಊರಿಗೆ ಸಾರಿಬಿಡುತ್ತಿದ್ದೆ.

"ಸಾರ್, ಒಬ್ಬರಿಗೆ ಒಂದೇ ಚೀಲ. ಸೈರನ್ ಮೊದಲನೇ ಸಲ ಕೂಗಿದ್ರೆ ರೆಡಿಯಾಗಿ. ಎರಡನೇ ಸಲ ಕೂಗಿದ್ರೆ ಮನೆ ಬಿಟ್ಟು ಗುಡ್ಡದ ಮೇಲಿನ ಶಾಲೆಗೆ ಬಂದ್ಬಿಡಿ."

"ಮೂರನೇ ಸಲ ಕೂಗಿದರೆ?"

ಮೇಡಂ ನಕ್ಕರು. ನಗುವಂಥದ್ದೇನಿತ್ತೋ ನನಗೆ ತಿಳಿಯಲಿಲ್ಲ.

"ನಿಮ್ಮ ಮನೆ ಹಿಂದಿನ ಭಾಗದಲ್ಲಿ ಯಾರಿದ್ದಾರೆ ಸಾರ್?"

"ಅಲ್ಲಿ ಕಾಡಿದೆ ತಾಯಿ."

"ಕಾಡಾ?"

"ಕಾಡು. ಮರ, ಬಳ್ಳಿ, ಎರಡು ಜಿಂಕೆ. ಒಬ್ಬ ಮನುಷ್ಯನೂ ಇರಬಹುದು. ನಾನು ವಿಚಾರಿಸಿಲ್ಲ."

ಸುಳ್ಳೇನೂ ಹೇಳಲಿಲ್ಲ. ನಮ್ಮ ನಾಟಕದ ಕಂಪನಿ ಮುಚ್ಚಿದ ವರ್ಷ ಈ ಮನೆಯೂ ಎರಡಾಯಿತು. ನಡುಮನೆಗೆ ಅಡ್ಡವಾಗಿ ಮರದ ಚೌಕಟ್ಟು ನಿಲ್ಲಿಸಿ, ಕಂಪನಿಯ ದೊಡ್ಡ ಪರದೆಯನ್ನು ಅದಕ್ಕೆ ಮೊಳೆ ಹೊಡೆದು ಬಿಗಿದೆವು. ಎರಡೂ ಮೈಗೆ ಬಣ್ಣ ಬಳಿದ ಪರದೆ ಅದು. ನನ್ನ ಕಡೆಗೆ ಅರಮನೆ ಬಂತು, ಕಂಬಗಳು, ಸಿಂಹಾಸನ ಸಮೇತ. ಆಚೆ ಕಡೆಗೆ ಕಾಡು ಹೋಯಿತು. ಆ ಕಾಡಿನಲ್ಲಿ ನನ್ನ ಒಡಹುಟ್ಟಿದ ಅಣ್ಣನಿದ್ದಾನೆ. ಅವನ ಬಾಗಿಲು ಹಿಂದಿನ ಓಣಿಗೆ, ನನ್ನದು ಬೀದಿಗೆ. ಆಸ್ತಿಯೂ ಹಾಗೇ ಹಂಚಿಹೋಯಿತು: ಕಿರೀಟ, ಕತ್ತಿ, ನಿಲುವಂಗಿಗಳೆಲ್ಲ ನನಗೆ, ನಾಟಕದ ಪುಸ್ತಕ ಮತ್ತು ಹಿತ್ತಾಳೆಯ ಗಂಟೆ ಅವನಿಗೆ.

ನಾನು ಕಂಪನಿಯ ರಾಜ. ಅವನು ಪ್ರಾಂಪ್ಟರ್, ಪಕ್ಕದ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವವನು. ಕಂಪನಿಯವರು ನಮ್ಮನ್ನು ಗುಡುಗು, ಪಿಸು ಎಂದೇ ಕರೆಯುತ್ತಿದ್ದರು. ಪಿಸು ಒಂದು ಸಲ ಬಾಯಿ ಬಿಡಬೇಕಾದಲ್ಲಿ ಬಿಡಲಿಲ್ಲ, ಗುಡುಗು ತುಂಬಿದ ಸಭೆಯ ಮುಂದೆ ಮೂಕವಾಯಿತು. ಅಂದೇ ನಾನು ಇಡೀ ಕಂಪನಿಯ ಎದುರು ಪ್ರತಿಜ್ಞೆ ಮಾಡಿದೆ: ಈ ಜನ್ಮದಲ್ಲಿ ನಿನ್ನ ಬಾಗಿಲು ತುಳಿಯುವುದಿಲ್ಲ! ತುಳಿದಿಲ್ಲ. ಆಡಿದ ಸಂಭಾಷಣೆಯನ್ನು ಹಿಂದಕ್ಕೆ ನುಂಗುವ ನಟ ನಾನಲ್ಲ.

ಸೆಪ್ಟೆಂಬರ್ ೯, ಮಂಗಳವಾರ

ಒಂದು ಚೀಲವಂತೆ! ಏಳು ರಾಜ್ಯಗಳನ್ನಾಳಿದವನಿಗೆ ಒಂದು ಚೀಲ!

ಟ್ರಂಕುಗಳನ್ನೆಲ್ಲ ಅಟ್ಟದಿಂದ ಇಳಿಸಿ, ಅರಮನೆಯ ಗೋಡೆಗೆ ಒತ್ತಿ ಪೇರಿಸಿದೆ. ಕಿರೀಟ ಚೀಲಕ್ಕೆ ಹಿಡಿಸಲಿಲ್ಲ. ಕಿರೀಟ ಇಟ್ಟರೆ ಪಂಚೆಗೆ ಜಾಗವಿಲ್ಲ, ಪಂಚೆ ಇಟ್ಟರೆ ಕಿರೀಟದ ಗರಿ ಮುರಿಯುತ್ತದೆ. ಕಡೆಗೆ ಪಂಚೆ ತೆಗೆದೆ. ಗುಡ್ಡದ ಮೇಲೆ ಕಿರೀಟ ತೊಟ್ಟು ಚಡ್ಡಿಯಲ್ಲಿ ನಿಂತ ನನ್ನ ಚಿತ್ರ ಕಣ್ಣೆದುರು ಬಂತು. ಮತ್ತೆ ಪಂಚೆ ಇಟ್ಟೆ.

ಇಷ್ಟನ್ನೂ ಗಟ್ಟಿಯಾಗಿ ಹೇಳಿಕೊಂಡೇ ಮಾಡಿದೆ. ಕೆಲವರಿಗೆ ಕೇಳಿಸಲಿ ಎಂದು. "ಪ್ರಳಯ ಬರುತ್ತಿದೆ! ಕಾಡುಮೃಗಗಳು ತಮ್ಮ ತಮ್ಮ ಜೀವ ನೋಡಿಕೊಳ್ಳಲಿ!" ಎಂದು ಸಿಂಹಾಸನದ ಕಡೆ ತಿರುಗಿ ಗರ್ಜಿಸಿದೆ. ಆಚೆಯಿಂದ ಉಸಿರಿಲ್ಲ. ಅತ್ತಿಗೆ ಇದ್ದಾಗಲಾದರೂ "ಮೈದುನರೇ, ಸಾಕು, ಬೀದಿಯವರು ನಗ್ತಾರೆ" ಎಂದು ಒಂದು ಮಾತು ಬರುತ್ತಿತ್ತು. ಆಕೆ ಹೋದ ಮೇಲೆ ಅದೂ ಇಲ್ಲ. ಆ ಮನುಷ್ಯನ ಮೌನಕ್ಕೆ ಎಷ್ಟು ಕೊಬ್ಬು, ನೋಡು! ಇಷ್ಟು ವರ್ಷ ನಾನು ಬೈದದ್ದಕ್ಕೆ ಒಂದು ಕೆಮ್ಮೂ ಇಲ್ಲ.

ಸೆಪ್ಟೆಂಬರ್ ೧೧, ಗುರುವಾರ

ಎದುರುಮನೆ ಟೈಲರ್ ಚಹಾಕ್ಕೆ ಕರೆದ. ಅವನದು ಇನ್ನೊಂದು ಪೇಚಾಟ. ಹೊಲಿಗೆ ಯಂತ್ರದ ತಲೆ ಬಿಚ್ಚಿಟ್ಟುಕೊಂಡಿದ್ದಾನೆ, ದೊಡ್ಡ ಕತ್ತರಿಯನ್ನು ಸೊಂಟಕ್ಕೆ ಸಿಗಿಸಿಕೊಂಡಿದ್ದಾನೆ, ಆದರೆ ಗಿರಾಕಿಗಳು ಬಿಟ್ಟುಹೋದ ಬಟ್ಟೆಗಳನ್ನು ಏನು ಮಾಡುವುದೆಂದು ತಿಳಿಯದೆ ಕೂತಿದ್ದಾನೆ.

"ಈ ಕೋಟು ನೋಡಿ. ಮದುವೆಗೆ ಅಂತ ಹೊಲಿಸಿದ. ಅವನ ಮಗಳೇ ಈಗ ಮದುವೆ ವಯಸ್ಸಿಗೆ ಬಂದಿದ್ದಾಳೆ. ಬಿಟ್ಟು ಹೋಗಲಾ, ಹೊತ್ತುಕೊಂಡು ಹೋಗಲಾ?"

"ನೀವೇ ಹಾಕ್ಕೊಂಡು ಹೋಗ್ರೀ."

"ಗಿರಾಕಿ ಬಟ್ಟೆ ಮೈಮೇಲೆ ಹಾಕ್ಕೋಬಾರದು ಯಜಮಾನ್ರೇ, ಸೂಜಿ ಮುನಿಸಿಕೊಳ್ಳುತ್ತೆ." ಆಮೇಲೆ ಸುಮ್ಮನೆ ಬಟನ್ ಹೊಲಿಯುತ್ತ ಕೇಳಿದ: "ನಿಮ್ಮಣ್ಣನ ಗತಿ?"

"ಚಹಾ ಚೆನ್ನಾಗಿದೆ" ಎಂದೆ.

ಸೆಪ್ಟೆಂಬರ್ ೧೪, ಭಾನುವಾರ

ಇಂದು ತಾಲೀಮು. ನಿಜವಾದ ನೀರಲ್ಲ, ಸುಮ್ಮನೆ ಅಭ್ಯಾಸದ ಸೈರನ್.

ಮೊದಲನೆಯದು ಕೂಗಿತು. ಮುಖ ತೊಳೆದೆ, ಕೂದಲು ಬಾಚಿದೆ, ಶಾಲು ಹೊದ್ದೆ. ಎರಡನೆಯದು ಕೂಗಿತು. ಚೀಲ ಹೆಗಲಿಗೇರಿಸಿ ಬಾಗಿಲ ಒಳಗೆ, ಬೆಳಕು ಬೀಳದ ಕಡೆ, ಸಿದ್ಧನಾಗಿ ನಿಂತೆ. ಬೀದಿಯಲ್ಲಿ ಜನ ದಬದಬ ಓಡಿದರು. ಏನು ಅವಸರವೋ! ನಾನು ಉಸಿರು ಹಿಡಿದು ಮೂರನೆಯದಕ್ಕೆ ಕಾದೆ. ಕಾದೆ. ಕಾಲು ಮರಗಟ್ಟಿತು. ಓಡಿಹೋದ ಜನ ಮಾತಾಡಿಕೊಂಡು ವಾಪಸು ಬಂದರು. ನಾನಿನ್ನೂ ಬಾಗಿಲ ಮರೆಯಲ್ಲೇ ಇದ್ದೆ.

ಮೇಡಂ ಹುಡುಕಿಕೊಂಡು ಬಂದರು. "ಏನ್ ಸಾರ್ ಇದು? ನಿಜವಾದ ನೀರಾಗಿದ್ರೆ ಏನ್ ಮಾಡ್ತಿದ್ರಿ?"

"ಮೂರನೇ ಬೆಲ್ಲು ಆಗಲಿಲ್ಲವಲ್ಲ ಮೇಡಂ."

"ಮೂರನೇದು ಇಲ್ಲವೇ ಇಲ್ಲ ಸಾರ್! ಎಷ್ಟು ಸಲ ಹೇಳೋದು!"

ಆಕೆಗೆ ಹೇಗೆ ತಿಳಿಸುವುದು? ಮೊದಲ ಬೆಲ್ಲಿಗೆ ಬಣ್ಣ, ಎರಡನೆಯದಕ್ಕೆ ಪಕ್ಕದ ಪರದೆ, ಮೂರನೆಯದಕ್ಕೆ ರಂಗ. ಮೂರನೆಯದಕ್ಕೆ ಮೊದಲು ರಂಗಕ್ಕೆ ಕಾಲಿಟ್ಟವನನ್ನು ನಮ್ಮ ಕಂಪನಿಯಲ್ಲಿ ಯಾರೂ ನಟ ಎಂದು ಕರೆಯುತ್ತಿರಲಿಲ್ಲ. ಆ ಮೂರೂ ಬೆಲ್ಲನ್ನು ಬಾರಿಸುತ್ತಿದ್ದವನು ಅವನೇ, ಆಚೆಯವನು.

ತಾಲೀಮಿಗೆ ಅವನೂ ಬರಲಿಲ್ಲವಂತೆ. ಕೇಳಿ ನನಗೆ ಯಾಕೋ ಒಳಗೊಳಗೇ ಹಿಗ್ಗಾಯಿತು. ಎಷ್ಟೆಂದರೂ ಕಂಪನಿಯ ಮನುಷ್ಯ. ಅವನೂ ಮೂರನೆಯದಕ್ಕೇ ಕಾದಿರಬೇಕು.

ಸೆಪ್ಟೆಂಬರ್ ೧೫, ಸೋಮವಾರ

ಆ ಹಿಗ್ಗನ್ನು ಟೈಲರ್ ಹತ್ತಿರ ಹೇಳಿಕೊಂಡೆ. ಅವನು ಹೊಲಿಯುವುದನ್ನು ನಿಲ್ಲಿಸಿದ.

"ಯಜಮಾನ್ರೇ, ತಮಾಷೆ ಮಾಡ್ತಿದ್ದೀರಾ? ನಿಮ್ಮಣ್ಣಂಗೆ ಕಿವಿ ಕೇಳಿಸಲ್ಲ."

"ಸ್ವಲ್ಪ ಮಂದ ಇರಬಹುದು."

"ಸ್ವಲ್ಪ ಅಲ್ಲ. ತಲೆ ಹತ್ರ ಪಟಾಕಿ ಹಚ್ಚಿದ್ರೂ ತಿರುಗಲ್ಲ. ಕಂಪನಿ ಇದ್ದಾಗಲೇ ಶುರುವಾಗಿತ್ತಂತೆ. ನಿಮ್ಮತ್ತಿಗೆ ನಮ್ಮವಳ ಹತ್ರ ಹೇಳಿ ಅತ್ತಿದ್ರು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದ್ರಂತೆ. ಕಿವಿ ಹೋದ ಪ್ರಾಂಪ್ಟರ್‌ನ ಯಾರು ಇಟ್ಕೋತಾರೆ, ಹೇಳಿ."

ಚಹಾ ಕುಡಿಯದೆ ಎದ್ದು ಬಂದೆ.

ಸೆಪ್ಟೆಂಬರ್ ೧೬, ಮಂಗಳವಾರ

ಇವತ್ತು ಗಟ್ಟಿಯಾಗಿ ಏನೂ ಆಡಲಿಲ್ಲ. ಯಾರಿಗೆ ಆಡುವುದು?

ಇಷ್ಟು ವರ್ಷ ಯಾರಿಗೆ ಆಡಿದೆ?

ಸೆಪ್ಟೆಂಬರ್ ೧೭, ಬುಧವಾರ

ಪ್ರತಿ ಕಂಪನಿಯ ಪರದೆಗೂ ಒಂದು ಕಣ್ಣಿರುತ್ತದೆ. ಆಟಕ್ಕೆ ಮೊದಲು ಎಷ್ಟು ಜನ ಸೇರಿದ್ದಾರೆಂದು ನಟರು ಇಣುಕಿ ನೋಡುವ ತೂತು. ನಮ್ಮ ಅರಮನೆಯ ಕಣ್ಣು ಸಿಂಹಾಸನದ ಎಡಗೈ ಸಿಂಹದಲ್ಲಿದೆ. ಅದಕ್ಕೆ ನಾನೇ ಮೇಣ ಮೆತ್ತಿದ್ದೆ, ಮನೆ ಒಡೆದ ದಿನ. ಇವತ್ತು ಮಧ್ಯಾಹ್ನ ಮೇಣ ಕೆರೆದೆ. ಪ್ರತಿಜ್ಞೆ ಬಾಗಿಲಿಗೆ ಸಂಬಂಧಿಸಿದ್ದು. ತೂತಿನ ಮಾತು ಅದರಲ್ಲಿ ಬಂದಿಲ್ಲ.

ಅವನು ಕುರ್ಚಿಯಲ್ಲಿ ಕೂತಿದ್ದ. ಓಣಿಯ ಕಡೆ ಬೆನ್ನು, ಪರದೆಯ ಕಡೆ ಮುಖ. ನೇರ ನನ್ನ ಕಡೆಗೇ! ಬೆಚ್ಚಿ ಹಿಂದೆ ಸರಿದೆ. ಮತ್ತೆ ಇಣುಕಿದೆ. ಎಷ್ಟು ಸಣ್ಣಗಾಗಿದ್ದಾನೆ! ಅಂಗಿಯ ಕಾಲರಿನಲ್ಲಿ ಕುತ್ತಿಗೆ ಒಂಟಿಯಾಗಿ ನಿಂತಿದೆ. ಕಾಲ ಬಳಿ ಕಟ್ಟಿಟ್ಟ ಒಂದು ಬಟ್ಟೆಚೀಲ, ಪಕ್ಕದಲ್ಲಿ ಊರುಗೋಲು. ಮೇಜಿನ ಮೇಲೆ ಹಿತ್ತಾಳೆಯ ಗಂಟೆ. ತೊಡೆಯ ಮೇಲೆ ಆ ದಪ್ಪ ಪುಸ್ತಕ. ತುಟಿ ಅಲ್ಲಾಡುತ್ತಿತ್ತು, ಸದ್ದಿಲ್ಲದೆ, ಪಕ್ಕದ ಪರದೆಯಲ್ಲಿ ನಿಂತು ನನಗೆ ಮಾತು ಎತ್ತಿಕೊಡುತ್ತಿದ್ದ ಹಾಗೇ. ಬೆರಳು ಸಾಲಿನ ಮೇಲೆ ಸರಿಯುತ್ತಿತ್ತು, ಅಲ್ಲಲ್ಲಿ ನಿಂತು ಕಾಯುತ್ತಿತ್ತು, ರಂಗದ ಮೇಲೆ ಯಾರೋ ಆಡಿ ಮುಗಿಸಲಿ ಎನ್ನುವ ಹಾಗೆ.

ಪರದೆಯ ಈ ಕಡೆ ನಿಂತು ನಾನು ಅವನ ತುಟಿ ಓದಿದೆ. ಮರೆತಿಲ್ಲ. ಎರಡನೇ ಅಂಕ. ನನ್ನ ಮಾತುಗಳು.

ಮೇಣ ಮತ್ತೆ ಮೆತ್ತಬೇಕೆಂದುಕೊಂಡೆ. ಮೇಣ ಎಲ್ಲೋ ಬಿದ್ದುಹೋಗಿತ್ತು.

ಸೆಪ್ಟೆಂಬರ್ ೧೯, ಶುಕ್ರವಾರ

ಮೇಡಂ ಬಂದಾಗ ಬಾಗಿಲಲ್ಲೇ ತಡೆದೆ. "ಹಿಂದಿನ ಮನೆಯವರಿಗೆ ಕಿವಿ ಕೇಳಿಸುವುದಿಲ್ಲ. ಸೈರನ್ ಕೂಗಿದರೆ ತಿಳಿಯುವುದಿಲ್ಲ. ಕಾಲೂ ಸರಿಯಿಲ್ಲ. ನಿಮ್ಮ ಕಡೆಯವರು ಯಾರಾದರೂ ಹೋಗಿ ಕರೆದುಕೊಂಡು ಬರಬೇಕು. ಇದು ಸರಕಾರದ ಕರ್ತವ್ಯ!"

"ಹಿಂದಿನ ಓಣಿ ತಗ್ಗು ಸಾರ್. ನೀರು ಬಂದ್ರೆ ಮೊದಲು ಅಲ್ಲಿಗೇ ಬರೋದು. ನಮ್ಮವರು ಅಷ್ಟೊತ್ತಿಗೆ ಅಲ್ಲಿಗೆ ಹೋಗೋಕಾಗಲ್ಲ. ಅವರು ಈಗಲೇ ಬಂದುಬಿಡಲಿ ಅಂತ ನಾನೇ ಹೋಗಿ ಕೈಸನ್ನೆ ಮಾಡಿ ಹೇಳಿದೆ. ಬರಲ್ಲ ಅಂತಾರೆ."

"ಏಕಂತೆ?"

"ಪರದೆ ಕಡೆ ಕೈ ತೋರಿಸ್ತಾರೆ. ನನಗೇನೂ ಅರ್ಥ ಆಗಲಿಲ್ಲ." ಮೇಡಂ ನನ್ನ ಹೆಗಲ ಮೇಲಿಂದ ಒಳಗೆ ನೋಡಿದರು. "ಗೋಡೆ ಅಂದುಕೊಂಡಿದ್ದೆ. ಮಧ್ಯೆ ಇರೋದು ಬಟ್ಟೆ ತಾನೇ ಸಾರ್?"

ಬಟ್ಟೆ ತಾನೇ! ಯಾವ ಚಿತ್ರಕಾರನ ಅರಮನೆ ಅದು, ಎಷ್ಟು ಸಾವಿರ ಜನ ಚಪ್ಪಾಳೆ ಹೊಡೆದ ಅರಮನೆ ಎಂದು ಆಕೆಗೇನು ಗೊತ್ತು?

ಚೀಲ ಮತ್ತೆ ಕಟ್ಟಿದೆ. ಕಿರೀಟ ಹೊರಗೆ ತೆಗೆದು ಟ್ರಂಕಿನಲ್ಲಿಟ್ಟೆ, ಗರಿ ಹಾಳಾಗಬಾರದಲ್ಲ. ಅಷ್ಟು ಜಾಗ ಖಾಲಿ ಉಳಿಯಿತು. ಎರಡು ತಟ್ಟೆ ಇಟ್ಟೆ, ಒಂದು ಒಡೆದರೆ ಇನ್ನೊಂದಿರಲಿ ಎಂದು. ಸ್ಟೀಲಿನ ತಟ್ಟೆ ಒಡೆಯುವುದಿಲ್ಲವೆಂದು ಆಮೇಲೆ ಹೊಳೆಯಿತು. ಇರಲಿ. ಉಣ್ಣೆಯ ಸ್ವೆಟರೂ ಇಟ್ಟೆ, ನನಗೆ ಬಿಗಿಯಾಗುವ ಆ ಹಳೆಯದು.

ಟ್ರಂಕುಗಳನ್ನೂ ಅರಮನೆಯಿಂದ ಈಚೆಗೆ ಎಳೆದೆ. ಗೋಡೆಗೆ ಒತ್ತಿ ಇಟ್ಟರೆ ತೇವ ಹಿಡಿಯುತ್ತದೆ.

ಸೆಪ್ಟೆಂಬರ್ ೨೧, ಭಾನುವಾರ

ಮಳೆ. ಇಣುಕಿದೆ. ಕೂತಿದ್ದಾನೆ.

ಸೆಪ್ಟೆಂಬರ್ ೨೪, ಬುಧವಾರ. ಶಾಲೆಯಲ್ಲಿ

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಮೊದಲನೆಯದು ಕೂಗಿತು. ತಟ್ಟೆ ಬಿಟ್ಟೆದ್ದು ಮುಖ ತೊಳೆದೆ. ಶಾಲು ಹೊದೆಯುವಷ್ಟರಲ್ಲಿ ಎರಡನೆಯದು. ಬಾಗಿಲಿಗೆ ಬಂದೆ. ಬೀದಿಯೆಲ್ಲ ಕಿರುಚಾಟ, ಕೈಗಾಡಿಗಳು, ಅಳುವ ಮಕ್ಕಳು. ಹೊಸ್ತಿಲ ಮೇಲೆ ನಿಂತ ನನ್ನ ಕಾಲು ಕಿತ್ತು ಬರಲೊಲ್ಲದು! ಮೂರನೆಯದಿಲ್ಲವೆಂದು ಗೊತ್ತು. ಗೊತ್ತಿದ್ದರೂ ಜೀವಮಾನದ ಚಾಳಿ, ಕಾಲಿಗೆ ಬುದ್ಧಿ ಹೇಳುವವರಾರು? ಚಾಳಿಯೊಂದೇ ಎಂದೂ ಹೇಳಲಾರೆ. ಬೆನ್ನಹಿಂದೆ ಆ ಬಟ್ಟೆಯಿತ್ತು.

ಟೈಲರ್ ಓಡಿ ಬಂದ. ಮೈಮೇಲೆ ಆ ಮದುವೆಯ ಕೋಟು, ಸೊಂಟದಲ್ಲಿ ಕತ್ತರಿ. "ನಡೀರಿ ಯಜಮಾನ್ರೇ! ಹಿಂದಿನ ಓಣಿಗೆ ನೀರು ಬಂತು!" ಎಂದು ರಟ್ಟೆ ಹಿಡಿದು ಎಳೆದ.

ಆಗ ಕೇಳಿಸಿತು. ಅರಮನೆಯ ಹಿಂದಿನಿಂದ. ಹಿತ್ತಾಳೆಯ ಗಂಟೆ.

ಒಂದು.

ನಡುವೆ ಸರಿಯಾಗಿ ಅಷ್ಟೇ ಬಿಡುವು, ಅದೇ ಹಳೆಯ ಬಿಡುವು. ಎರಡು.

ತಾನು ಬಾರಿಸುವ ಗಂಟೆ ತನಗೇ ಕೇಳಿಸದವನು, ಈಚೆ ಒಬ್ಬ ಇದ್ದಾನೋ ಓಡಿಹೋದನೋ ತಿಳಿಯದವನು, ಆದರೂ ತಾಳ ತಪ್ಪದೆ ಬಾರಿಸಿದ.

ಮೂರು.

ಕಾಲು ಬಿಟ್ಟುಕೊಂಡಿತು! ಟೈಲರನ್ನು ಹಿಂದೆ ಹಾಕಿಕೊಂಡು ಒಳಗೆ ನುಗ್ಗಿದೆ. ಟ್ರಂಕಿನ ಮೇಲಿದ್ದ ಕತ್ತಿ ಹಿರಿದು ಸಿಂಹಾಸನಕ್ಕೆ ಬೀಸಿದೆ. ಮರದ ಕತ್ತಿ. ಪಟಕ್ಕನೆ ಎರಡಾಯಿತು. ಇದೇ ಕತ್ತಿಯಲ್ಲಿ ಎಷ್ಟು ಸೈನ್ಯಗಳನ್ನು ತರಿದಿದ್ದೆನೋ!

"ಸರೀರಿ ಅತ್ಲಾಗೆ," ಎಂದ ಟೈಲರ್. ಕತ್ತರಿ ಚುಚ್ಚಿ, ಕೋಟಿನ ತೋಳು ಮೇಲೇರಿಸಿ, ಸಿಂಹಾಸನದ ತಲೆಯಿಂದ ಕೆಳಗಿನವರೆಗೂ ಕರಕರ ಕತ್ತರಿಸಿದ. "ಎಂಥಾ ಗಟ್ಟಿ ಬಟ್ಟೆ ರೀ ಇದು," ಎಂದು ಆ ಹೊತ್ತಿನಲ್ಲೂ ಮೆಚ್ಚಿಕೊಂಡ. ಸೀಳನ್ನು ಎರಡೂ ಕೈಯಲ್ಲಿ ಅಗಲಿಸಿ ನಾನು ಅರಮನೆಯಿಂದ ಕಾಡಿಗೆ ಕಾಲಿಟ್ಟೆ. ಬಾಗಿಲು ತುಳಿಯಲಿಲ್ಲ. ಆಡಿದ ಮಾತು ಉಳಿಯಿತು.

ನೀರು ಹಿಂಬಾಗಿಲನ್ನು ಒತ್ತಿ ಹಿಡಿದಿತ್ತು. ಸಂದಿಯಿಂದ ಒಳಗೆ ಸುರಿಯುತ್ತಿತ್ತು. ಕುರ್ಚಿಯ ಕಾಲು ಮುಳುಗಿತ್ತು. ಅವನು ಪುಸ್ತಕವನ್ನು ಎದೆಗೆ ಅವಚಿಕೊಂಡು, ಗಂಟೆ ಹಿಡಿದು, ಪರದೆಯನ್ನೇ ನೋಡುತ್ತ ಕೂತಿದ್ದ. ನನ್ನನ್ನು ಕಂಡು ಹುಬ್ಬು ಗಂಟಿಕ್ಕಿದ.

"ಎಂಟ್ರಿ ತಡ ಮಾಡಿದೆಯಲ್ಲೋ!"

ಕೂಗಿದ. ಪಿಸು ಕೂಗಿದ! ಕಿವಿ ಕೇಳದವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲವಂತೆ.

ಬಗ್ಗಿ ಬೆನ್ನು ಕೊಟ್ಟೆ. ಹತ್ತಿದ. ಒಣಗಿದ ಕಟ್ಟಿಗೆಯಷ್ಟು ಭಾರ. ಟೈಲರ್ ನನ್ನ ಚೀಲ ಎತ್ತಿಕೊಂಡ. ಗುಡ್ಡ ಹತ್ತುವಾಗ ಅಣ್ಣನ ಕೈಯ ಗಂಟೆ ಹೆಜ್ಜೆಗೊಮ್ಮೆ ನನ್ನ ಎದೆಗೆ ಬಡಿದು ಸದ್ದು ಮಾಡುತ್ತಿತ್ತು. ಜನ ದಾರಿ ಬಿಡುತ್ತಿದ್ದರು, ಯಾವುದೋ ಗಾಡಿ ಬಂತೆಂದು.

ನೀರು ನಮ್ಮ ಕಿಟಕಿಯ ಮಟ್ಟಕ್ಕೆ ನಿಂತಿದೆಯೆಂದು ಮೇಡಂ ಈಗ ಹೇಳಿದರು. ಕಿರೀಟ ಅಲ್ಲೇ ಉಳಿಯಿತು. ಬರೆಯುವಾಗ ನೆನಪಾಯಿತು.

ಸೆಪ್ಟೆಂಬರ್ ೨೫, ಗುರುವಾರ

ಸ್ವೆಟರ್ ಅವನಿಗೆ ಸರಿಯಾಗಿದೆ. ಎರಡು ತಟ್ಟೆಯಲ್ಲಿ ಉಂಡೆವು.

ಮೊದಲು ಅವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ. ಶಾಲೆಯ ಕೋಣೆಯಲ್ಲಿದ್ದ ಮಕ್ಕಳೆಲ್ಲ ಎದ್ದು ಅತ್ತವು. ಅವನು ಮಾತ್ರ ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, "ಯಾಕೋ ಅಷ್ಟು ಬಾಯಿ ಅಗಲಿಸ್ತೀಯ? ಮೆಲ್ಲಗೆ ಆಡು, ಕಾಣುತ್ತೆ" ಎಂದ. ಮೆಲ್ಲಗೆ ಆಡಿದೆ. ಇನ್ನೂ ಮೆಲ್ಲಗೆ. ಕಡೆಗೆ ಸದ್ದೇ ಇಲ್ಲದೆ ಬರೀ ತುಟಿಯಲ್ಲಿ. ಎಲ್ಲವೂ ಅವನಿಗೆ ತಿಳಿಯಿತು. ಪಕ್ಕದ ಪರದೆಯಿಂದ ಅವನು ಹೇಳುತ್ತಿದ್ದದ್ದು ನನಗೆ ತಿಳಿಯುತ್ತಿದ್ದ ಹಾಗೆ.

"ಮೇಡಂ ಕರೆದಾಗ ಯಾಕೆ ಬರಲಿಲ್ಲ?" ಎಂದೆ ತುಟಿಯಲ್ಲಿ.

"ನೀನು ಮೂರನೇ ಬೆಲ್ಲಾಗದೆ ಹೊರಡ್ತಿದ್ಯಾ?" ಎಂದ.

ಸಂಜೆ ಕರೆಂಟಿಲ್ಲ. ಕೋಣೆ ಮಬ್ಬಾಗುತ್ತಿತ್ತು. ಆ ಕೊನೆಯ ಆಟದ ಬಗ್ಗೆ ಕೇಳಿಯೇ ಬಿಟ್ಟೆ. ಮುದಿ ರಾಜನ ಕಡೆಯ ಅಂಕ. "ಯಾರಲ್ಲಿ?" ಎಂದು ನಾನು ಗರ್ಜಿಸಿ, ಮುಂದಿನ ಸಾಲು ಮರೆತು ನಿಂತದ್ದು. ಜನ ಸಿಳ್ಳೆ ಹಾಕಿದ್ದು. ನೀನು ಯಾಕೆ ಸುಮ್ಮನಿದ್ದೆ?

ಅವನು ತೊಡೆಯ ಮೇಲಿನ ಒದ್ದೆ ಪುಸ್ತಕದ ಅಂಚು ಸವರಿದ.

"ನೀನು ಜನರ ಕಡೆ ತಿರುಗಿದ್ದೆ ಕಣೋ. ಬಾಯಿ ಕಾಣಲಿಲ್ಲ. ಎಲ್ಲಿ ನಿಂತೆ ಅಂತ ಗೊತ್ತಾಗಲಿಲ್ಲ. ಆಡ್ತಿದ್ದೀಯ ಅಂದುಕೊಂಡೆ."

ಆಮೇಲೆ ಕೇಳಿದೆ, "ಮುಂದಿನ ಸಾಲು ಏನಿತ್ತು?" ಕತ್ತಲಾಗಿತ್ತು. ಅವನು ನನ್ನ ತುಟಿಯ ಹತ್ತಿರ ಬಗ್ಗಿ ಕಣ್ಣು ಕಿರಿದು ಮಾಡಿದ. ಎರಡನೇ ಸಲ ಹೇಳಿದಾಗ ಹಿಡಿದ. ಪುಸ್ತಕ ತೆರೆಯಲಿಲ್ಲ. ನೆಟ್ಟಗೆ ಕೂತು, ತಾನು ಪಿಸುಗುಡುತ್ತಿದ್ದೇನೆಂದೇ ನಂಬಿ, ಇಡೀ ಶಾಲೆ ನಡುಗುವಂತೆ ಎತ್ತಿಕೊಟ್ಟ:

"ಯಾರಲ್ಲಿ? ದೀಪ ತನ್ನಿ! ನನ್ನವರ ಮುಖ ನೋಡಬೇಕು!"

ಕೋಣೆಯ ಆ ಮೂಲೆಯಿಂದ ಟೈಲರ್ ಧಡಕ್ಕನೆ ಎದ್ದ. "ದೀಪ ತಂದೆ ಯಜಮಾನ್ರೇ, ತಂದೆ, ಅಷ್ಟು ಜೋರಾಗಿ ಕೇಳಬೇಕಾ?" ಎಂದು ಮಲಗಿದವರನ್ನು ದಾಟಿಕೊಂಡು ಬಂದು, ಟಾರ್ಚ್ ಹೊತ್ತಿಸಿ ನನ್ನ ಮುಖಕ್ಕೆ ಹಿಡಿದ.